ಮಾಧವರಾಯರ ಪಿಸ್ತೂಲುಗಳು

ಸದಾಶಿವ ಪೇಠದ ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿರುವ ಹುಯಿಲಗೋಳ ಮಾಧವರಾಯರು ಇವತ್ತಿನತನಕ ಒಂದು ಜಿರಳೆಯನ್ನೂ ಕೊಂದವರಲ್ಲ. ಆದರೆ ಅವರ ಕಪಾಟಿನಲ್ಲಿ ನೂರು ವರ್ಷ ದಾಟಿದ, ಒಂದು ಸಲಕ್ಕೆ ಒಂದೇ ಗುಂಡು ಹಿಡಿಯುವ ಗುರಿಪಂದ್ಯದ ಪಿಸ್ತೂಲುಗಳು ಮಖಮಲ್ಲಿನ ಮೇಲೆ ಇನಾಮದಾರರ ಹಾಗೆ ಮಲಗಿರುತ್ತವೆ. ನಮ್ಮಂಥವರು ಹೋದರೆ ಚಪ್ಪಲಿ ಬಿಡುವುದರೊಳಗೇ, "ಇದು ಬೆಲ್ಜಿಯಮ್ಮಿಂದು ನೋಡ್ರಿ, ಹಿಡಿಕಿ ಅಕ್ರೋಟದ ಕಟ್ಟಿಗೀದು. ಮುಟ್ಟಬ್ಯಾಡ್ರಿ, ಬೆವರು ಹತ್ತತದ!" ಎಂದು ಶುರುಮಾಡುತ್ತಾರೆ. "ನನ್ನ ಮೊಣಕಾಲಿಗೆ ಸಿಗಲಾರದ ಎಣ್ಣಿ ಅವಕ್ಕ ಸಿಗತದ್ರಿ," ಎಂದು ಹೆಂಡತಿ ಅಂಬಕ್ಕ ಒಳಗಿನಿಂದಲೇ ಒಗ್ಗರಣೆ ಹಾಕುತ್ತಾರೆ. ಖಂಡೇನವಮಿಯ ಆಯುಧಪೂಜೆಗೆ ರಾಯರು ಅವಕ್ಕೆ ಕುಂಕುಮ ಹಚ್ಚಿ, ಕಲೆ ಬಿದ್ದೀತೆಂದು ತಕ್ಷಣ ಒರೆಸಿ, ದೇವರ ಕ್ಷಮೆ ಕೇಳುತ್ತಾರೆ. ದಿನಾ ಬೆಳಿಗ್ಗೆ ಖಾಲಿ ಪಿಸ್ತೂಲು ಚಾಚಿ, ಗೋಡೆಯ ಕ್ಯಾಲೆಂಡರಿನ ಏಕಾದಶಿಗೆ ಗುರಿಯಿಟ್ಟು ನಿಲ್ಲುತ್ತಾರೆ. "ಅದನ್ನ ಕೊಂದ್ರ ಉಪವಾಸ ತಪ್ಪತದೇನ್ರಿ?" ಎನ್ನುತ್ತಾರೆ ಅಂಬಕ್ಕ. ಚುನಾವಣೆ ಬಂತೆಂದರೆ ಆಯುಧಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಆಗ ರಾಯರು ಮಗಳನ್ನು ಹಾಸ್ಟೆಲಿಗೆ ಬಿಡುವವರಂತೆ ಮೆತ್ತನೆ ಬಟ್ಟೆ, ಎಣ್ಣೆ ಸೀಸೆ ಸಮೇತ ರಿಕ್ಷಾ ಹತ್ತುತ್ತಾರೆ. ಈ ಸಲ, ಪೀಡೆ ತೊಲಗಿತೆಂದು ಅಂಬಕ್ಕ ಕಪಾಟಿನಲ್ಲಿ ಸೀರೆ ಜೋಡಿಸಿಕೊಂಡರು. ವಾರ ಕಳೆಯುವುದರೊಳಗೆ ರಾಯರ ಚಹಾದ ಕಪ್ಪು ಬಶಿಯ ಮೇಲೆ ಕಟಕಟ ಎನ್ನತೊಡಗಿತು. ರಾಯರು ಯಾರಿಗೂ ಹೇಳದೆ ಬಚ್ಚಿಟ್ಟಿದ್ದ ಕೈನಡುಕ, ದಿನಾ ಬೆಳಿಗ್ಗೆ ಎತ್ತುವ ಪಿಸ್ತೂಲಿನ ಭಾರಕ್ಕೆ ಮಾತ್ರ ಸುಮ್ಮನಾಗುತ್ತಿತ್ತೆಂದು ಅಂಬಕ್ಕನಿಗೆ ಆಗ ಹೊಳೆಯಿತು. ಮರುದಿನ ಅವರು ಅತ್ತೆಯ ಕಾಲದ, ಕಲಾಯಿ ಹಾಕಿದ ಭಾರದ ಹಿತ್ತಾಳೆ ಲೋಟದಲ್ಲಿ ಚಹಾ ತಂದು ಮುಂದಿಟ್ಟು, "ಗಟ್ಟಿ ಹಿಡೀರಿ. ಬೆವರು ಹತ್ತಿದ್ರ ನಾ ಒರಸ್ತೀನಿ," ಎಂದರು.