ಪಕ್ಕದ ಮನೆಗೂ ಹೇಳಿ

ಕಾಗದನಗರದಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನ ಅಕ್ಕ ತಮಿಳುನಾಡಿನಿಂದ ಮದುವೆಯಾಗಿ ಬಂದವರು. ಕೂತಲ್ಲೆಲ್ಲ ಒಣ ನುಗ್ಗೆಕಾಯಿ ಸುಲಿದು ಬೀಜ ತೆಗೆಯುತ್ತಿದ್ದರು. ಭದ್ರಾ ಹೊಳೆ ಉಕ್ಕಿ ನಲ್ಲಿಯಲ್ಲಿ ಕೆಸರು ಬಂದಾಗ, ಆ ಬೀಜ ಕುಟ್ಟಿ ನೀರಿಗೆ ಕಲಸಿ, ತಿಳಿಯಾದ ಮೇಲೆ ಬಸಿದು ಕುದಿಸುವುದನ್ನು ಬೀದಿಗೆಲ್ಲ ಕಲಿಸಿದರು. ಪ್ರತಿಯೊಬ್ಬರಿಗೂ, “ಪಕ್ಕದ್ಮನೆಗೂ ಹೇಳ್ಬಿಡಮ್ಮ” ಎನ್ನುತ್ತಿದ್ದರು.

ನಲ್ಲಿಯೂ ನಿಂತ ದಿನ ಟ್ಯಾಂಕರ್ ಬಂತು. ಎಲ್ಲರಿಗಿಂತ ಮುಂದೆ ಕೊಡ ಹಿಡಿದು ನಿಂತಿದ್ದ ಅಕ್ಕನಿಗೆ ಬೀದಿಯ ಮುಖಂಡ, “ಮೊದ್ಲು ಊರೋರು ಹಿಡ್ಕೊಳ್ಲಿ, ನೀವು ಹಿಂದಕ್ಕೆ ಹೋಗಿ” ಎಂದ. “ಅವ್ರೂ ಊರೋರೇ ಅಲ್ವಾ?” ಎಂದು ನಾನು ಕೇಳಿದ್ದಕ್ಕೆ, “ನಿಂಗ್ಯಾಕೆ ಮಾರಾಯ್ತಿ, ಸುಮ್ನಿರು” ಎಂದು ಗದರಿದವರು ಅಕ್ಕನಿಂದಲೇ ನೀರು ತಿಳಿ ಮಾಡುವುದನ್ನು ಕಲಿತ ನಾಚಿಕೆಗೆಟ್ಟವರು. ಅಕ್ಕನ ಸರದಿ ಬರುವಷ್ಟರಲ್ಲಿ ಟ್ಯಾಂಕರ್ ಬರಿದಾಗಿತ್ತು.

ಆ ನೀರೂ ಕದಡಿತ್ತು. ಸಂಜೆ ಮನೆಮನೆಯಲ್ಲೂ ನುಗ್ಗೆಬೀಜ ಕುಟ್ಟುವ ಸದ್ದು. ಅಕ್ಕನ ಮನೆಯಲ್ಲಿ ಮಾತ್ರ ಇಲ್ಲ. ಕಲಸಲು ಅಲ್ಲಿ ನೀರಿರಲಿಲ್ಲ.