ಸುಮ್ಮನೆ ಕುಳಿತವರ ಕಾವಲು

ತವರುಮನೆ ದೂರವಿರಬೇಕು. ಹೈದರಾಬಾದಿನಲ್ಲೋ ಮಂಗಳೂರಿನಲ್ಲೋ ತವರು ಇದ್ದವರು ವರ್ಷಕ್ಕೊಮ್ಮೆ ದೊಡ್ಡ ಚೀಲ ತುಂಬಿಕೊಂಡು ಹೋಗಿ, ಹದಿನೈದು ದಿನ ಕಾಲು ಚಾಚಿ ಕುಳಿತು, ಕೆನ್ನೆ ತುಂಬಿಸಿಕೊಂಡು ಬರುತ್ತಾರೆ. ನನ್ನ ತವರು ಖಾನಾಪುರ. ಬೆಳಗಾವಿಯಲ್ಲಿ ಬಸ್ಸು ಹತ್ತಿ ಶೇಂಗಾದ ಪೊಟ್ಟಣ ಬಿಚ್ಚಿದರೆ, ಅದು ಮುಗಿಯುವಷ್ಟರಲ್ಲಿ ಊರು ಬಂದುಬಿಡುತ್ತದೆ. ಹೀಗಾಗಿ ಮದುವೆಯಾದಾಗಿನಿಂದ ನಾನು ಮುಂಜಾನೆ ಹೋಗಿ ಸಂಜೆಯ ಬಸ್ಸಿಗೆ ಮರಳುವ ತವರುಮಗಳು. ಅಪ್ಪ ಅಮ್ಮ ಹೋದ ಮೇಲೆ ಅದೇ ಊರಿನಲ್ಲಿರುವ ಅಕ್ಕನ ಮನೆಯೇ ನನಗೆ ತವರು. ಅಲ್ಲಿ ಊಟ ಮಾಡಿದ್ದೇನೆ, ಹರಟಿದ್ದೇನೆ, ಜಗಳವನ್ನೂ ಆಡಿದ್ದೇನೆ. ಮಲಗಿಲ್ಲ.

"ಮನೀ ಖಾಲಿ ಬಿಟ್ಟು ಹೆಂಗ ನಿಲ್ಲಲಿ?" ಎಂಬುದು ಪ್ರತಿ ಸಲದ ನನ್ನ ಮಾತು. "ನಿನ್ನ ಮನೀಗೇನು ಕಾಲು ಅದಾವೇನು, ಓಡಿಹೋಗಾಕ?" ಎಂಬುದು ಪ್ರತಿ ಸಲದ ಅಕ್ಕನ ಉತ್ತರ.

ಈ ವರ್ಷ ಅಕ್ಕ ಕಣ್ಣಿನ ಪೊರೆ ತೆಗೆಸಿಕೊಳ್ಳುವುದೆಂದಾಯಿತು. ಶಸ್ತ್ರಕ್ರಿಯೆಯಾದ ಮೇಲೆ ದಿನಕ್ಕೆ ಅದೆಷ್ಟೋ ಸಲ ಕಣ್ಣಿಗೆ ಔಷಧಿ ಬಿಡಬೇಕು. ಭಾವನವರು ಬಾಟಲಿ ಕೈಗೆತ್ತಿಕೊಂಡರೆ ಮೊದಲು ತಮ್ಮ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅಕ್ಕ ಫೋನಿನಲ್ಲಿ ಕೇಳಿದಳು: "ಈ ಸರ್ತಿನಾದ್ರೂ ಬಂದು ನಿಲ್ಲತೀಯೋ, ಸಂಜೀ ಬಸ್ಸಿಗೆ ಓಡತೀಯೋ? ಮೊದಲ ಹೇಳಿಬಿಡು." ನಕ್ಕೇ ಕೇಳಿದಳು. ಆದರೆ 'ಮೊದಲ ಹೇಳಿಬಿಡು' ಎನ್ನುವಾಗ ಆ ನಗು ತುಸು ಸಣ್ಣಗಾಯಿತು. ಅದೊಂದು ನನಗೆ ಚುಚ್ಚಿತು.

ಅದೇ ವಾರ ನಮ್ಮವರನ್ನು ಮಚ್ಛೆಯ ಕಾರ್ಖಾನೆಯವರು ತರಬೇತಿಗೆಂದು ಪುಣೆಗೆ ಕಳಿಸುವವರಿದ್ದರು. ರಾಮತೀರ್ಥ ನಗರದ ನಮ್ಮ ಮನೆ ಪೂರ್ತಿ ಖಾಲಿ. ಇಂಥ ಹೊತ್ತಿಗೆಂದು ನಮ್ಮಲ್ಲಿ ಇದ್ದದ್ದು ಒಂದೇ ಭದ್ರತಾ ವ್ಯವಸ್ಥೆ: ನಮ್ಮವರ ಹಳೆಯ ದೊಡ್ಡ ಚಪ್ಪಲಿಗಳನ್ನು ಬಾಗಿಲ ಹೊರಗೆ ಬಿಡುವುದು. ನೋಡಿದವರು ಒಳಗೆ ಯಾರೋ ಗಂಡಸು ಇದ್ದಾನೆ ಅಂದುಕೊಳ್ಳಲಿ ಎಂದು. ಬಾಗಿಲಿಗೆ ಹೊರಗಿನಿಂದ ಅಂಗೈಯಗಲದ ಬೀಗ ಜೋತಾಡುತ್ತಿರುತ್ತದೆ ಎಂಬುದನ್ನು ನಾವಿಬ್ಬರೂ ಎಂದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಕಡೆಗೆ ವೈರ್ ಇಲ್ಲದ ಅಲಾರಂ ಹಾಕಿಸುವುದೆಂದು ತೀರ್ಮಾನವಾಯಿತು. ಅಂಗಡಿಯಲ್ಲಿ ಆಯ್ಕೆ ಮಾಡುವುದೆಂದರೆ ಸೀರೆ ಆರಿಸಿದ ಹಾಗೆಯೇ. ಬೇಡವೆಂದದ್ದೇ ಮತ್ತೆ ಮತ್ತೆ ಮುಂದೆ ಬರುತ್ತದೆ. ಅಂಗಡಿಯವರು ಒಳಗೊಂದು ಕ್ಯಾಮೆರಾ ಇರಲೇಬೇಕೆಂದರು, ಸಾಹೇಬರು ಕಾರ್ಖಾನೆಯಲ್ಲಿ ಕುಳಿತೇ ಇಡೀ ಮನೆ ನೋಡಬಹುದು ಎಂದರು. ಅದಕ್ಕೇ ನಾನು ಬೇಡವೆಂದೆ. ಮಧ್ಯಾಹ್ನದ ಹೊತ್ತು ಚಿಕ್ಕಿಯ ಡಬ್ಬಿಗೂ ನನಗೂ ನಡುವೆ ನಡೆಯುವುದು ನಮ್ಮಿಬ್ಬರ ಮಾತು. ಹೀಗೆ ಕ್ಯಾಮೆರಾ ಇಲ್ಲದ, ಬರೀ ಬಾಗಿಲು ತೆರೆದದ್ದನ್ನೂ ಮನುಷ್ಯರು ಓಡಾಡಿದ್ದನ್ನೂ ಹೇಳುವ ಸೆಟ್ಟು ಮನೆಗೆ ಬಂತು.

ಹಾಕಲು ಬಂದವರು ಸುಜಾತಾ. ಮೊದಲು ಆಟೋ ನಗರದಲ್ಲಿ ಕಾರುಗಳಿಗೆ ಅಲಾರಂ ಕೂರಿಸುತ್ತಿದ್ದರಂತೆ. ಗೋಡೆ ಕೊರೆದಾರು, ಧೂಳಾದೀತು ಎಂದು ನಾನು ಸೋಫಾದ ಮೇಲೆಲ್ಲ ಹಳೆಯ ಚಾದರ ಹೊದಿಸಿ ಸಿದ್ಧಳಾಗಿದ್ದೆ. ಅವರು ಚೀಲದಿಂದ ತೆಗೆದದ್ದು ಸಾಬೂನಿನಷ್ಟೇ ದೊಡ್ಡ ಬಿಳಿ ಪೆಟ್ಟಿಗೆಗಳನ್ನು. ಬೆನ್ನಿಗಿದ್ದ ಅಂಟುಪಟ್ಟಿಯ ಕಾಗದ ಸುಲಿದು ಗೋಡೆಗೆ ಒತ್ತಿದರು. ಮುಗಿಯಿತು! ಬಾಗಿಲಿಗೊಂದು ತುಂಡು, ಚೌಕಟ್ಟಿಗೊಂದು ತುಂಡು. ಎರಡೂ ಪಕ್ಕಪಕ್ಕದಲ್ಲಿದ್ದರೆ ಸುಮ್ಮನಿರುತ್ತವೆ; ಬೆರಳಗಲ ದೂರವಾದರೂ ಒಂದು ದೂರು ಹೇಳುತ್ತದೆ. ಆ ದೂರು ಗೋಡೆಗಳನ್ನು ದಾಟಿ ದೇವರ ಜಗಲಿಯ ಪಕ್ಕದಲ್ಲಿ ಕೂರಿಸಿದ, ಇವೆಲ್ಲಕ್ಕೂ ಯಜಮಾನನಾದ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ನನ್ನ ಫೋನಿಗೆ ಬರುತ್ತದೆ. ನಾನು ಬಾಗಿಲನ್ನು ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಪ್ರತಿ ಸಲವೂ ಕೈಯಲ್ಲಿನ ಫೋನು ಗುಬ್ಬಿಮರಿಯ ಹಾಗೆ ನಡುಗಿತು. ಇಷ್ಟು ವರ್ಷ ಕೀಲಿನ ಕಿರ್ರೆಂಬ ಸದ್ದಿನ ಹೊರತು ಒಂದು ಮಾತನ್ನೂ ಆಡದಿದ್ದ ಬಾಗಿಲು, ನನ್ನ ಜೊತೆ ಮಾತು ಶುರುವಿಟ್ಟುಕೊಂಡಿತ್ತು!

ಹಾಲ್‌ನ ಮೂಲೆಯಲ್ಲಿ ಕೂರಿಸಿದ್ದು ಇನ್ನೂ ದೊಡ್ಡ ಬೆರಗು. ಅದು ನಮ್ಮ ಮೈಯ ಬಿಸಿಯನ್ನು ಗುರುತಿಸುತ್ತದಂತೆ. ನಾನು ಅತ್ತಿಂದಿತ್ತ ನಡೆದೆ. ಅದರ ಕೆಂಪು ದೀಪ ಮಿಣುಕಿತು. ನನ್ನ ಮೈಯಲ್ಲಿ ಬಿಸಿಯಿದೆ ಎಂಬುದನ್ನು ಜ್ವರ ಬಂದಾಗ ಬಿಟ್ಟು ಬೇರೆ ಯಾವಾಗಲೂ ಯಾರೂ ಗಮನಿಸಿರಲಿಲ್ಲ. ಪಕ್ಕದ ಮನೆಯ ಕಾಕು ಅಷ್ಟರಲ್ಲಿ ನೋಡಲು ಬಂದು ಕುರ್ಚಿಯಲ್ಲಿ ಕುಳಿತಿದ್ದರು. ಎಪ್ಪತ್ತು ದಾಟಿದ ಹಿರಿಯಾಕೆ, ಓಣಿಗೆಲ್ಲ ಚಿಕ್ಕಮ್ಮ. ದೀಪ ಆರಿಯೇ ಇತ್ತು.

"ಯಾಕ ಬೇ, ನಾ ಇಲ್ಲೇ ಕುಂತೀನಿ, ನನಗ ಮಿಣುಕವಲ್ತು? ನನ್ನ ಮೈಯಾಗೇನು ಬಿಸಿ ಇಲ್ಲೇನು?"

"ಅದಕ್ಕ ಅಲುಗಾಡಿದ್ರ ತಿಳೀತೈತ್ರಿ ಆಯಿ. ಸುಮ್ನ ಕುಂತಾವ್ರು ಇದರ ಲೆಕ್ಕಕ್ಕ ಇಲ್ಲ," ಎಂದರು ಸುಜಾತಾ.

"ಇದೂ ನಮ್ಮ ಸೊಸಿ ಹಂಗs ಅಂದಂಗಾತು," ಎಂದರು ಕಾಕು.

ನನಗೆ ನೆನಪಾದದ್ದು ಕಾನ್ವೆಂಟಿನ ನಮ್ಮ ಸಿಸ್ಟರ್. ಒಬ್ಬೊಬ್ಬರ ಪಕ್ಕದಲ್ಲೂ ಒಬ್ಬ ಕಾವಲು ದೇವದೂತ ಇರುತ್ತಾನೆ, ಅವನಿಗೂ ಕೂರಲು ತಾವು ಬೇಕಲ್ಲ, ಬೆಂಚಿನ ತುದಿಯಲ್ಲಿ ಸ್ವಲ್ಪ ಜಾಗ ಬಿಡಿ ಎನ್ನುತ್ತಿದ್ದರು. ಮನೆಯಲ್ಲಿ ವಿಠ್ಠಲನಿಗೆ ಕೈಮುಗಿದು ಬರುತ್ತಿದ್ದ ನಾನು ಶಾಲೆಯಲ್ಲಿ ದೇವದೂತನಿಗೆ ಜಾಗ ಬಿಡುವುದರಲ್ಲಿ ಎಲ್ಲರಿಗಿಂತ ಮುಂದೆ. ರಾತ್ರಿ ಹಾಸಿಗೆಯಲ್ಲೂ ಗೇಣಗಲ ಬಿಟ್ಟೇ ಮಲಗುತ್ತಿದ್ದೆ. ಅದರ ಕಷ್ಟವೆಲ್ಲ ಗೋಡೆಗೆ ಒತ್ತಿಕೊಂಡು ಮಲಗುತ್ತಿದ್ದ ಅಕ್ಕನಿಗೆ. ಆ ದೇವದೂತ ಹೇಗಿರುತ್ತಾನೆ, ಎಲ್ಲೆಲ್ಲೂ ಹೇಗೆ ಇರುತ್ತಾನೆ ಎಂದು ಆಗ ಬೆರಗುಪಟ್ಟ ಹಾಗೆಯೇ ಈಗ ಈ ಬಿಳಿ ಪೆಟ್ಟಿಗೆಯ ಮುಂದೆ ನಿಂತೆ.

ಹೊರಡುವ ದಿನ ಕೀಲಿಯನ್ನೂ ಅಲಾರಂ ಸುಮ್ಮನಾಗಿಸುವ ಗುಪ್ತ ಸಂಖ್ಯೆಯನ್ನೂ ಕಾಕುವಿಗೆ ಒಪ್ಪಿಸಿದೆ. ಸಂಜೆ ದೇವರ ಮುಂದೆ ದೀಪ ಹಚ್ಚುವವರು ಬೇಕಲ್ಲ. ಚಪ್ಪಲಿಗಳನ್ನೂ ಬಾಗಿಲಲ್ಲಿ ಬಿಟ್ಟೆ. ಹೊಸದು ಬಂತೆಂದು ಹಳಬರನ್ನು ಕೆಲಸದಿಂದ ತೆಗೆಯಲಾಗುತ್ತದೆಯೇ?

ನಾನು ಹೋಗುವಷ್ಟರಲ್ಲಿ ಅಕ್ಕನ ಕಣ್ಣಿನ ಶಸ್ತ್ರಕ್ರಿಯೆ ಸುಸೂತ್ರವಾಗಿ ಮುಗಿದಿತ್ತು. ಪಟ್ಟಿ ತೆಗೆದ ಮೇಲೆ ಅವಳಿಗೂ ನನ್ನಂತೆಯೇ ಬೆರಗು. "ಗೋಡೆ ಇಷ್ಟು ಬೆಳ್ಳಗ ಇತ್ತೇನು?" ಎನ್ನುತ್ತಾಳೆ. ನನ್ನ ಮುಖ ನೋಡಿ, "ಅಯ್ಯ, ನೀನೂ ಮುದುಕಿ ಆಗೀದಿ!" ಎನ್ನುತ್ತಾಳೆ. ಔಷಧಿ ಬಿಡುವುದರ ನಡುನಡುವೆ ನಾನು ಫೋನು ತೆಗೆದು ನೋಡುವೆ. 'ಮುಂಬಾಗಿಲು ಮುಚ್ಚಿದೆ. ಹಾಲ್: ಚಲನೆ ಇಲ್ಲ.' ನಾನಿಲ್ಲದಾಗ ನನ್ನ ಮನೆ ಹೇಗಿರುತ್ತದೆ ಎಂದು ನಾನು ನೋಡಿದವಳೇ ಅಲ್ಲ. ನೋಡಲು ಹೋದರೆ ನಾನು ಅಲ್ಲಿರುತ್ತೇನಲ್ಲ! ನಾನಿಲ್ಲದ ಮನೆ ನನ್ನ ಅಂಗೈಯಲ್ಲಿ ತನ್ನ ಪಾಡಿಗೆ ತಾನು ಇತ್ತು. ಬೆಳಕಿನ ಪಟ್ಟಿ ನೆಲದ ಮೇಲೆ ಸರಿಯುತ್ತಿರಬಹುದು, ನಲ್ಲಿ ಒಂದೊಂದೇ ಹನಿ ಬಿಡುತ್ತಿರಬಹುದು. ಕೈಮುಗಿಯುವಷ್ಟು ಬೆರಗಾಯಿತು.

ಅಂದೇ ಸಂಜೆ ಫೋನು ನಡುಗಿತು. 'ಮುಂಬಾಗಿಲು ತೆರೆದಿದೆ.' ಕಾಕು ಬಂದರು. 'ಹಾಲ್: ಚಲನೆ.' ದೀಪ ಹಚ್ಚಲು ಹೋದರು. ಅಕ್ಕನಿಗೂ ತೋರಿಸಿ ಹೆಮ್ಮೆಪಟ್ಟೆ. ಚಹಾ ಕುಡಿದೆವು. ಮತ್ತೆ ನೋಡಿದಾಗ ಬಾಗಿಲು ತೆರೆದೇ ಇತ್ತು. ಹೊಸ ಕಣ್ಣಿನ ಅಕ್ಕನೇ ಓದಿದಳು: "ಹಾಲ್, ಚಲನೆ ಇಲ್ಲ." ಇನ್ನಷ್ಟು ಹೊತ್ತು ಕಾದೆವು. ಬಾಗಿಲು ತೆರೆದಿದೆ. ಚಲನೆ ಇಲ್ಲ.

ಕಾಕು ಬಾಗಿಲು ಹಾಕದೆ ಹೋದರೇ? ಅಥವಾ ಒಳಗೇ ಬಿದ್ದರೇ? ಅವರ ಫೋನಿಗೆ ಹಚ್ಚಿದರೆ ಅದು ಅವರ ಮನೆಯಲ್ಲೇ ಬಾರಿಸುತ್ತಿರಬೇಕು, ಯಾರೂ ಎತ್ತಲಿಲ್ಲ. ಸೊಸೆಯ ನಂಬರು ನನ್ನ ಬಳಿ ಇರಲಿಲ್ಲ. ನಾನು ಚೀಲ ಎತ್ತಿಕೊಂಡು ನಿಂತದ್ದು ನನಗೇ ಗೊತ್ತಾಗಲಿಲ್ಲ. ಇಷ್ಟು ವರ್ಷಗಳ ಅಭ್ಯಾಸ. ಕೊನೆಯ ಬಸ್ಸು ಇನ್ನೂ ಇತ್ತು.

ಅಕ್ಕ ಕರಿ ಕನ್ನಡಕದ ಹಿಂದಿನಿಂದ ನೋಡಿದಳು. "ಹೋಗವಾ. ಪಾಪ, ಕಾಕುಗ ಏನಾಗೇತೋ ಏನೋ. ಔಷಧಿ ನಾನs ಬಿಟ್ಕೋತೀನಿ." ಬೈದಿದ್ದರೆ ವಾಸಿಯಿತ್ತು. ಭಾವನವರು ಆಗಲೇ ಬಾಟಲಿ ಹಿಡಿದು ಕಣ್ಣು ಮುಚ್ಚಲು ಶುರುಮಾಡಿದ್ದರು.

ಆಗ ಫೋನಿನ ಮೂಲೆಯ ಕೆಂಪು ಗುಂಡಿ ಕಾಣಿಸಿತು. ಅಪಾಯವಾದರೆ ಇದನ್ನು ಒತ್ತಿರಿ, ನೀವು ಎಲ್ಲಿದ್ದರೂ ಮನೆಯಲ್ಲಿ ಸೈರನ್ ಹೊಡೆಯುತ್ತದೆ ಎಂದು ಸುಜಾತಾ ಹೇಳಿದ್ದರು. ಕಳ್ಳನಿಗೆಂದು ಮಾಡಿದ್ದನ್ನು ಕಾಕುವಿನ ಮೇಲೆ ಬಿಡುವುದೇ? ಆದರೆ ಕಾಕು ಅಲುಗಾಡಬೇಕಿತ್ತು. ಅದೊಂದೇ ನನಗೆ ಬೇಕಿದ್ದದ್ದು. ಕಣ್ಣು ಮುಚ್ಚಿ ಒತ್ತಿದೆ.

ಖಾನಾಪುರದ ಅಕ್ಕನ ಮನೆಯಲ್ಲಿ ಯಾವ ಸದ್ದೂ ಇಲ್ಲ. ಗಡಿಯಾರ ಮಾತ್ರ. ನನ್ನ ಬೆರಳ ಕೆಳಗೆ, ಬೆಳಗಾವಿಯಲ್ಲಿ, ಇಡೀ ಓಣಿ ಬೆಚ್ಚಿಬಿದ್ದಿರಬೇಕು. ಮತ್ತೆ ಫೋನು ನಡುಗಿತು.

'ಹಾಲ್: ಚಲನೆ. ಹಾಲ್: ಚಲನೆ. ಹಾಲ್: ಚಲನೆ.'

"ಕುಣ್ಯಾಕತ್ಯಾಳ!" ಎಂದು ಅಕ್ಕ ಚಪ್ಪಾಳೆ ತಟ್ಟಿದಳು. ನಾನು ಸೈರನ್ ನಿಲ್ಲಿಸಿ ಚೀಲದ ಮೇಲೆಯೇ ಕುಳಿತುಬಿಟ್ಟೆ.

ತುಸು ಹೊತ್ತಿಗೆ ಕಾಕುವಿನದೇ ಫೋನು. "ಏನ ಹುಡುಗಿ, ನಿನ್ನ ಪೆಟ್ಟಿಗಿ ನನ್ನ ಜೀವಾ ತಗೀತಿತ್ತಲ್ಲಾ! ಓಣಿ ಮಂದಿ ಎಲ್ಲಾ ಕೂಡ್ಯಾರ. ಒಬ್ಬಾಂವ ಬಡಿಗಿ ಹಿಡಕೊಂಡು ಬಂದಿದ್ದ."

"ಕಾಕು, ಇಷ್ಟೊತ್ತು ಅಲ್ಲೇನ ಮಾಡಾಕತ್ತಿದ್ರಿ?"

"ಏನ ಮಾಡಾಕತ್ತಿದ್ರಿ ಅಂದ್ರ? ಹಚ್ಚಿದ ದೀಪಾ ಒಂದs ಬಿಟ್ಟು ಬಾಗಲಾ ಹಾಕ್ಕೊಂಡು ಬರಾಕ ಆಕ್ಕೈತೇನು? ದೀಪ ಹಚ್ಚೂ ಹೊತ್ನ್ಯಾಗ ಬಾಗಲಾ ತೆರದಿರಬೇಕು, ಮನ್ಯಾಗ ಮನುಷ್ಯಾರು ಇರಬೇಕು. ಎಣ್ಣಿ ತೀರೂತನಕಾ ಸುಮ್ನ ಕುಂತಿದ್ದೆ." ಆಮೇಲೆ ದನಿ ತಗ್ಗಿಸಿ, "ಖರೇ ಹೇಳಲೇನು? ಛಲೋ ಅನಸ್ತಿತ್ತು. ನಮ್ಮ ಮನ್ಯಾಗ ಟೀವಿ ಗದ್ದಲಾ. ನಾಳಿಗೂ ಕುಂಡರ್ತೀನಿ, ಆ ಭೂತಾ ಮಾತ್ರ ಬಿಡಬ್ಯಾಡ."

ಬಿಡುವುದಿಲ್ಲವೆಂದು ಮಾತು ಕೊಟ್ಟೆ. ಗೋಡೆ ದಾಟಿ ಮಾತಾಡುವ, ಮೈಯ ಬಿಸಿ ತಿಳಿಯುವ, ಒಂದು ಬೆರಳ ದೂರವನ್ನೂ ಸಹಿಸದ ಆ ಪೆಟ್ಟಿಗೆಗಳು ನಮ್ಮ ಮನೆಯ ಮೂಲೆಮೂಲೆಯಲ್ಲಿ ಕಣ್ಣರಳಿಸಿ ಕುಳಿತಿದ್ದವು. ಅವುಗಳ ನಟ್ಟನಡುವೆ ಕಾಕು ದೀಪದೆದುರು ಮನೆ ಕಾಯುತ್ತಿದ್ದರು. ಅವೆಲ್ಲವೂ ಸೇರಿ, ಅಲ್ಲಿ ಯಾರೂ ಅಲುಗಾಡುತ್ತಿಲ್ಲ ಎಂದು ನನಗೆ ಪ್ರಾಮಾಣಿಕವಾಗಿ ವರದಿ ಮಾಡುತ್ತಿದ್ದವು.

ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತ ಹಾದುಹೋಯಿತು. "ಹೋತು ನೋಡ ನಿನ್ನ ಬಸ್ಸು," ಎಂದಳು ಅಕ್ಕ, ಬಹಳ ಸಮಾಧಾನದಿಂದ. ಅವಳ ಕಣ್ಣಿಗೆ ಔಷಧಿ ಬಿಟ್ಟು, ಅವಳ ಪಕ್ಕದಲ್ಲೇ ಅಡ್ಡಾದೆ. ನಾನು ಎಲ್ಲಿ ಜಾಗ ಬಿಟ್ಟು ಮಲಗಿದ್ದೇನೆಂದು ಅವಳು ನೋಡದೆಯೇ ತಿಳಿದಳು.

"ಇನ್ನೂ ಬಿಡತೀಯೇನು ಅವಂಗ ಜಾಗಾ? ನನ್ನ ಗ್ವಾಡೀಗೆ ಒತ್ತೀದಿ. ಇಷ್ಟೊತ್ತಿಗೆ ಅವಂಗೂ ವಯಸ್ಸಾಗಿರತೈತಿ, ಕುರ್ಚಿ ತೊಗೊಂಡು ಕುಂಡರ್ಲಿ."

ನಾನು ಅರ್ಧದಷ್ಟು ಸರಿದೆ. ಕಡೆಯ ಸಲ ಫೋನು ನೋಡಿದೆ. ಮುಂಬಾಗಿಲು ಮುಚ್ಚಿದೆ. ಹಾಲ್: ಚಲನೆ ಇಲ್ಲ. ಸಂಜೆ ನನ್ನ ಕೈಗೆ ಚೀಲ ಎತ್ತಿಸಿದ್ದ ಅದೇ ಮಾತು. ಈಗ ಅದನ್ನು ಓದಿದರೆ, ಯಾರೋ ದೀಪದ ಮುಂದೆ ಸುಮ್ಮನೆ ಕುಳಿತಿರಬಹುದು ಎನ್ನಿಸಿ ನಿದ್ದೆ ಬಂತು.