ರುಮಾಲಪ್ಪನ ಜೋಡಿ

ಅಥವಾ ಅದು ಅಷ್ಟು ಕೆಂಪಗೆ ಇರಲೇ ಇಲ್ಲವೇನೋ. ನೆನಪಿನಲ್ಲಿ ಮಾತ್ರ ಆ ಮೀನು ಕುಂಕುಮದ ಬಣ್ಣದ್ದು, ಅಪ್ಪನ ಅಂಗೈಗಿಂತ ದೊಡ್ಡದು, ಹಣೆಯ ಮೇಲೆ ರುಮಾಲು ಸುತ್ತಿದಂಥ ಗುಬುಟು. ಉಳಿದಿರುವ ಒಂದೇ ಫೋಟೋದಲ್ಲಿ ಗಾಜಿಗೆ ಫ್ಲ್ಯಾಶ್ ಬಡಿದು ಬಿಳಿಯ ಕಲೆಯಷ್ಟೇ ಕಾಣುತ್ತದೆ. ಕಲೆಯ ಪಕ್ಕ ನಿಂತ ಹುಡುಗಿ ನಾನಂತೆ. ಆ ಫ್ರಾಕು ನನ್ನದೆಂದು ನನಗೆ ಅನ್ನಿಸುವುದಿಲ್ಲ.

ಆ ದಿನಗಳಲ್ಲಿ ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಎಲ್ಲ ಮನೆಗಳ ಹಿತ್ತಲಲ್ಲೂ ಮಗ್ಗಗಳು ಖಟಖಟ ಅನ್ನುತ್ತಿದ್ದವು, ಅವನ್ನು ಮೀರಿಸಿ ಮಾತಾಡಬೇಕಿತ್ತು. ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ, ಯಂತ್ರದ ಎಣ್ಣೆ, ಒಳಗಿನಿಂದ ಹುರಿದ ಶೇಂಗಾ. ಇವು ಕೂಡಿದರೆ ನಮ್ಮ ಮನೆ. ಮಧ್ಯಾಹ್ನ ಕರೆಂಟ್ ಹೋದರೆ ಓಣಿಯೆಲ್ಲ ಒಮ್ಮೆಲೆ ಸುಮ್ಮನಾಗುತ್ತಿತ್ತು. ಗಜಗ ಆಡುತ್ತಿದ್ದ ನಾವು ಹುಡುಗಿಯರು ಸುಮ್ಮಸುಮ್ಮನೆ ಚೀರುತ್ತಿದ್ದೆವು, ನಮ್ಮ ದನಿ ನಮಗೇ ಕೇಳಿಸುತ್ತದೆಂದು. ಮೀನು ಬಂದ ಮೇಲೆ ಆ ಚೀರಾಟಕ್ಕೆ ಬೇರೆ ಅರ್ಥ ಬಂತು. ಕರೆಂಟ್ ಹೋದರೆ ತೊಟ್ಟಿಯ ಗುಳ್ಳೆಗಳೂ ನಿಲ್ಲುತ್ತಿದ್ದವು. ಕಸ್ತೂರತ್ತಿ ಎಲ್ಲಿದ್ದರೂ ಓಡಿಬಂದು ತಂಬಿಗೆಯಿಂದ ನೀರು ಎತ್ತಿ ಎತ್ತಿ ಸುರಿಯುತ್ತಿದ್ದಳು, ಮೀನಿಗೆ ಉಸಿರಾಡಲು ಗಾಳಿ ಸಿಗಲೆಂದು.

ಕಸ್ತೂರತ್ತಿ ಅಪ್ಪನ ತಂಗಿ. ಆ ಬೇಸಿಗೆ ಅವಳು ಗಂಡನ ಮನೆ ಬಿಟ್ಟು ಗಲಗಲಿಯಿಂದ ಬಂದಿದ್ದಳು. ಯಾಕೆ ಎಂದು ಮಕ್ಕಳಿಗೆ ಹೇಳಿರಲಿಲ್ಲ. ನಾನು ಕೇಳಿಸಿಕೊಂಡದ್ದು ಇಷ್ಟೇ. ಅಲ್ಲಿ ಅವಳ ಅತ್ತೆ-ಮಾವ, ಇಬ್ಬರು ನೆಗೆಣ್ಣಿಯರು, ಅವರ ಮಕ್ಕಳು ತುಂಬಿದ ಮನೆ. ಗೋಡೆಯ ಮಾಡಗಳೆಲ್ಲ ಅವಳು ಕಾಲಿಡುವ ಮೊದಲೇ ಒಬ್ಬೊಬ್ಬರ ಪಾಲಾಗಿದ್ದವು. ಅವಳು ತನ್ನ ಕನ್ನಡಿ ತೂಗುಹಾಕಲು ಹೊಡೆದ ಮೊಳೆಯನ್ನು ಅತ್ತೆ ಕಿತ್ತು ಅಂಗಳಕ್ಕೆ ಒಗೆದಿದ್ದಳಂತೆ. "ಒಂದ ಮೊಳೀ ಸಲುವಾಗಿ ಯಾರರೆ ಬಾಳೇವು ಬಿಟ್ಟ ಬರತಾರೇನವಾ?" ಎಂದು ನೆರೆಯವರು ನಗುತ್ತಿದ್ದರು. ರಾತ್ರಿ ಅತ್ತಿ ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು, ಅವಳ ಸೆರಗಿನ ತುದಿ ನನ್ನ ಮುಷ್ಟಿಯಲ್ಲಿರುತ್ತಿತ್ತು.

ಮೀನನ್ನು ಅಪ್ಪ ಕೊಲ್ಹಾಪುರದಿಂದ ತಂದ. ಹಣೆಯಲ್ಲಿ ಗುಬುಟಿರುವ ಮೀನು ಮಗ್ಗದ ಕಸುಬಿಗೆ ಒಳ್ಳೆಯದೆಂದು ಯಾರೋ ಸೀರೆ ವ್ಯಾಪಾರಿ ತಲೆಗೆ ತುಂಬಿದ್ದ. ಗಾಜಿನ ತೊಟ್ಟಿಯನ್ನು ಪಡಸಾಲೆಯಲ್ಲಿ ಇಟ್ಟಾಗ ಆಯಿ, ಅಂದರೆ ಅಪ್ಪನ ತಾಯಿ, ಬಾಗಿಲಲ್ಲೇ ನಿಂತಳು.

"ಲಿಂಗಾ ಕಟ್ಟಿದ ಮನ್ಯಾಗ ಮೀನಾ? ಬುದ್ಧಿ ಮಾರಕೊಂಡ ಬಂದಿ ಏನಲೇ?"

"ತಿನ್ನಾಕಲ್ಲ ಬೇ ಯವ್ವಾ, ನೋಡಾಕ."

"ನೋಡಾಕ ನಿನ್ನ ಹೇಣತಿ ಇಲ್ಲೇನು?"

ಆದರೆ ಅತ್ತಿ ಕುದಿಸಿದ ಬಟಾಣಿ ಕೊಟ್ಟಾಗ ಅದು ಗಬಕ್ಕನೆ ತಿಂದಿತು. "ಅಯ್ಯ, ಕಾಯಿಪಲ್ಯ ತಿಂತೈತಲ್ಲ!" ಎಂದು ಆಯಿ ಮೆತ್ತಗಾದಳು. ರುಮಾಲಪ್ಪ ಎಂಬ ಹೆಸರಿಟ್ಟವಳೂ ಅವಳೇ.

ತೊಂದರೆ ಶುರುವಾದದ್ದು ಒಂಟಿ ಎಂಬ ಮಾತಿನಿಂದ. ನಮ್ಮ ಕಡೆ ಯಾವುದನ್ನೂ ಒಂದೇ ಕೊಡುವುದಿಲ್ಲ. ಸೀರೆಯ ಜೊತೆ ಕುಪ್ಪಸದ ಖಣ, ಎತ್ತು ಕೊಂಡರೆ ಜೋಡಿ, ಎಲೆಯ ಜೊತೆ ಅಡಿಕೆ. ಬಂದುಹೋಗುವವರೆಲ್ಲ "ಒಂಟಿ ಮೀನ ಇಡಬಾರದ್ರಿ" ಎಂದರು. ಅಪ್ಪ ಎರಡು ಚಿನ್ನದ ಬಣ್ಣದ ಮೀನು ತಂದು ಬಿಟ್ಟ. ನಾನು ಶಾಲೆಯಿಂದ ಬರುವಷ್ಟರಲ್ಲಿ ಒಂದಕ್ಕೆ ಬಾಲ ಇರಲಿಲ್ಲ, ಇನ್ನೊಂದು ಇರಲೇ ಇಲ್ಲ.

ಅಪ್ಪ ಜಮಖಂಡಿಯಲ್ಲಿ ಬಣ್ಣದ ಮೀನು ಮಾರುವ ಸಲೀಮನಿಗೆ ಫೋನು ಹಚ್ಚಿದ. ಮಗ್ಗದ ಗದ್ದಲಕ್ಕೆ ಕೇಳುವುದಿಲ್ಲವೆಂದು ಯಾವಾಗಲೂ ಸ್ಪೀಕರಿನಲ್ಲಿಟ್ಟೇ ಮಾತು.

"ಅಣ್ಣಾವ್ರ, ಸಣ್ಣದ ಬಿಟ್ರ ತಿಂತೈತಿ. ಅದರಂಗ ಕಾಣೋದ ಬಿಟ್ರ ಕಡೀತೈತಿ. ಅದರಷ್ಟ ದೊಡ್ಡದಿರಬೇಕು, ಬಣ್ಣಾ ಬ್ಯಾರೆ ಇರಬೇಕು, ತೊಗಲ ದಪ್ಪ ಇರಬೇಕು. ಖರೆ ಹೇಳಬೇಕಂದ್ರ, ಅದನ್ನ ಒಂಟಿ ಇಡೋದ ಛಲೋ."

"ಒಂಟಿ ಬ್ಯಾಡೋ ತಮ್ಮಾ. ಮನ್ಯಾಗ ಒಂಟಿ ಇದ್ರ ನಾಕ ಮಂದಿ ನಾಕ ಮಾತಾಡತಾರ."

ಅತ್ತಿ ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿಯ ಹಿಟ್ಟಿನ ಕೈಯಲ್ಲಿ ನಿಂತಿದ್ದಳು. ಅಪ್ಪ ತಿರುಗಿ ನೋಡಿದ. ಆಡಿದ್ದನ್ನು ನುಂಗುವ ಬದಲು ಇನ್ನೂ ಬಿಗಿ ಮಾಡಿದ. "ಅಮಾಸಿ ಆದ ಮ್ಯಾಲ ಗಲಗಲಿ ಬೀಗರು ಕರ್ಯಾಕ ಬರತಾರ ಕಸ್ತೂರಿ. ಇಂಥಾ ರಾಕ್ಷಸನ ಕೂಡ ಒಂದ ಮೀನ ಬಾಳೇವು ಮಾಡತಂದ್ರ, ಮನಶ್ಯಾರ ಕೂಡ ನಿನಗ ಆಗೂದಿಲ್ಲೇನು?"

"ಮಾಡಲಿ ಅದು," ಎಂದಳು ಅತ್ತಿ. "ಅದು ಮಾಡಿದ್ರ ನಾನೂ ಹೋಗತೇನಿ."

ಚೇಷ್ಟೆಯ ಮಾತಾಗಿ ಶುರುವಾದದ್ದು ಹೀಗೆ ಮಾತು ಕೊಟ್ಟಂತಾಯಿತು. ಅವತ್ತಿನಿಂದ ತೊಟ್ಟಿಯ ಮುಂದೆ ಕೂತಾಗಲೆಲ್ಲ ನನಗೆ ಒಂದೇ ಲೆಕ್ಕ. ಬರುವ ಮೀನು ಬದುಕಿದರೆ ಅತ್ತಿ ಹೋಗುತ್ತಾಳೆ.

ಬಂದದ್ದು ಜಿಲೇಬಿ ಮೀನು. ನದಿಯ ಮೀನಿಗೆ ಆ ಸಿಹಿ ತಿಂಡಿಯ ಹೆಸರು ಯಾಕೆ ಬಂತೋ, ಮೀನು ತಿನ್ನದ ಮನೆಯವರಾದ ನಮಗೆ ಅದರ ಗಂಧವೂ ಇರಲಿಲ್ಲ. ಸಲೀಮನೇ ಸೂಚಿಸಿದ್ದ, ಅದೂ ರುಮಾಲಪ್ಪನ ಕುಲದ್ದೇ, ಹೊಡೆತ ತಿಂದು ತಿರುಗಿ ಕೊಡುವಂಥದ್ದು ಎಂದಿದ್ದ. ನಮ್ಮ ಮಗ್ಗದ ಬೀರಪ್ಪ ಹಿಪ್ಪರಗಿಯವನು. ಅಲ್ಲಿನ ಬ್ಯಾರೇಜಿನ ಕೆಳಗೆ ಬಲೆ ಹಾಕುವವರಿಂದ ಜೀವಂತ ಒಂದನ್ನು ಇಸಿದುಕೊಂಡು, ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಾಕಿ, ಬೈಕಿನ ಮೇಲೆ ತೊಡೆಗಳ ನಡುವೆ ಇಟ್ಟುಕೊಂಡು ಬಂದ. ಬೂದಿ ಬಣ್ಣ, ಬೆನ್ನ ಮೇಲೆ ಮುಳ್ಳಿನ ಸಾಲು. "ನೋಡ್ರಿ ಅಕ್ಕಾ, ಗರಡಿಮನಿ ಪೈಲ್ವಾನ ತಂದೇನಿ," ಎಂದ.

ಅತ್ತಿ ನೇರವಾಗಿ ಬಿಡಲಿಲ್ಲ. ಹಿತ್ತಲಿನ ಮಗ್ಗದ ಶೆಡ್ಡಿನಿಂದ ಹಳೆಯ ಹಣಿಗೆ ತಂದಳು. ಹಣಿಗೆ ಎಂದರೆ ಹಾಸಿನ ಎಳೆಗಳು ಒಂದೊಂದಾಗಿ ತೂರುವ ಉಕ್ಕಿನ ಬಾಚಣಿಗೆ, ಮಗ್ಗದ ಹಲ್ಲು. ಅದನ್ನು ಕತ್ತರಿಸಿ, ತಿಕ್ಕಿ ತೊಳೆದು, ತೊಟ್ಟಿಯ ನಡುವೆ ಗೋಡೆಯಂತೆ ನಿಲ್ಲಿಸಿದಳು. ಒಂದು ಕಡೆ ರುಮಾಲಪ್ಪ, ಇನ್ನೊಂದು ಕಡೆ ಪೈಲ್ವಾನ. ಕಾಣುತ್ತಾರೆ, ಮುಟ್ಟಲಾರರು.

ರುಮಾಲಪ್ಪ ಮೈಯೆಲ್ಲ ಕಪ್ಪಾಗಿಸಿಕೊಂಡು ಬಂದು ಹಣಿಗೆಗೆ ಗುದ್ದುತ್ತಿತ್ತು. ಟಣ್. ಹಿಂದೆ ಸರಿದು ಮತ್ತೆ. ಟಣ್. ಮಗ್ಗದ ಸದ್ದಿನಲ್ಲೂ ಅದು ಬೇರೆಯಾಗಿ ಕೇಳುತ್ತಿತ್ತು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಪೈಲ್ವಾನ ಮೂಲೆ ಹಿಡಿದು ಉಸಿರು ಬಿಡುತ್ತಿತ್ತು. ನಾನು ಅದಕ್ಕೆ ಬಟಾಣಿ ಹಾಕುತ್ತಿದ್ದೆ, ತಿನ್ನದಿದ್ದರೆ ಸಮಾಧಾನ, ತಿಂದರೂ ಸಮಾಧಾನ. ಆಗ ಎರಡರಲ್ಲಿ ಯಾವುದನ್ನು ಬಯಸಿದ್ದೆ ಎಂದು ಈಗ ಯಾರಾದರೂ ಕೇಳಿದರೆ ಹೇಳಲಾರೆ.

ಅಮಾವಾಸ್ಯೆ ಹತ್ತಿರ ಬಂತು. ಅಪ್ಪ ಮತ್ತೆ ಫೋನು ಹಚ್ಚಿದ. "ಇನ್ನೂ ಗುದ್ದಾಕತ್ತೈತಲ್ಲೋ ಸಲೀಮಾ."

ಸ್ಪೀಕರಿನಲ್ಲಿ ಉತ್ತರ ಅರ್ಧ ಹರಿದು ಬಂತು: "...ಜಿಲೇಬಿ ಹಾಕೀರಿಲ್ಲೋ? ಜಿಲೇಬಿ ಹಾಕಿದ್ಮ್ಯಾಲ ತಣ್ಣಗಾಗತೈತಿ ಬಿಡ್ರಿ."

ಆಯಿ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದಳು. ಪೈಲ್ವಾನ ಅವಳಿಗೆ ಪೈಲ್ವಾನ. ಅದರ ಜಾತಿಯ ಹೆಸರು ಜಿಲೇಬಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಾರನೇ ದಿನ ಮಠಕ್ಕೆ ಹೋದವಳು ಬರುವಾಗ ಕಾಗದದ ಪೊಟ್ಟಣದಲ್ಲಿ ಬಿಸಿ ಜಿಲೇಬಿ ತಂದಳು. ನಮಗೆ ಒಂದೊಂದು ಕೊಟ್ಟಳು. ಉಳಿದದ್ದನ್ನು ತೊಟ್ಟಿಗೆ ಹಾಕಿದಳು.

ಅತ್ತಿ ನೋಡುವಷ್ಟರಲ್ಲಿ ನೀರು ಕೇಸರಿಯಾಗಿ ಮಸುಕಾಗಿತ್ತು, ಮೇಲೆ ಎಣ್ಣೆಯ ಪದರ. ಎರಡೂ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ಯವ್ವಾ! ಏನ್ ಹಾಕಿದಿ ಬೇ ಇದರಾಗ?"

"ಜಿಲೇಬಿ. ಅಂವಾ ಹೇಳಿದ್ನಲ್ಲ, ತಣ್ಣಗಾಗತೈತಿ ಅಂತ."

"ಜಿಲೇಬಿ ಅಂದ್ರ ಮೀನ ಬೇ!"

"ಮೀನಿಗೇ ಹಾಕೇನಿ. ನಾಯೀಗ ಹಾಕೇನೇನು?"

ಯಾರೂ ನಗಲಿಲ್ಲ. ಬೀರಪ್ಪ ಮಗ್ಗ ನಿಲ್ಲಿಸಿ ಓಡಿಬಂದ. ಮೀನುಗಳನ್ನು ಎರಡು ಬಕೀಟಿಗೆ ಎತ್ತಿದರು. ಬೀರಪ್ಪನ ಕೈ ಪೈಲ್ವಾನನ ಮುಳ್ಳಿಗೆ ಹರಿದು ರಕ್ತ ಬಂತು. ತೊಟ್ಟಿ ಖಾಲಿ ಮಾಡಿ, ತಳದಲ್ಲಿದ್ದ ಕಲ್ಲುಗಳನ್ನೆಲ್ಲ ಅಂಗಳದಲ್ಲಿ ಬೂದಿ ಹಚ್ಚಿ ತಿಕ್ಕಿ, ಗಡಿಬಿಡಿಯಲ್ಲಿ ಸಿಕ್ಕಸಿಕ್ಕಲ್ಲಿ ಮರಳಿ ಇಟ್ಟು, ಹೊಸ ನೀರು ತುಂಬಿದರು. ಬಕೀಟಿನಲ್ಲಿ ರುಮಾಲಪ್ಪ ಮಗ್ಗುಲಾಗತೊಡಗಿತ್ತು. "ಬಿಡ್ರಿ, ಬಿಡ್ರಿ ಇನ್ನ," ಎಂದು ಅವ್ವ ಕೂಗಿದಳು. ಎರಡೂ ಬಕೀಟನ್ನು ಒಟ್ಟಿಗೇ ಬಗ್ಗಿಸಿದರು. ಹಣಿಗೆ ಅಂಗಳದಲ್ಲಿ ಗೋಡೆಗೆ ಒರಗಿ ಬಿಸಿಲಲ್ಲೇ ನಿಂತಿತ್ತು. ಅತ್ತಿ ಮರೆತಳೋ, ಬೇಕೆಂದೇ ಬಿಟ್ಟಳೋ.

ನಾನು ಕಣ್ಣು ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ತೆರೆದೆ. ರುಮಾಲಪ್ಪ ಒಂದು ಕಲ್ಲಿನ ಬಳಿ ಹೋಗಿ ನೋಡಿತು, ಇನ್ನೊಂದರ ಬಳಿ ಹೋಯಿತು, ದಾರಿ ತಪ್ಪಿದವರ ಹಾಗೆ. ಪೈಲ್ವಾನನೂ ಹಾಗೇ. ಒಂದರ ಬಾಲದ ಪಕ್ಕದಲ್ಲಿ ಇನ್ನೊಂದು ಹಾದುಹೋಯಿತು. ಒಮ್ಮೆ ಬಾಯಿಗೆ ಬಾಯಿ ಹಚ್ಚಿ ಜಗ್ಗಾಡಿದವು, ಬಿಟ್ಟವು. ಸಂಜೆಗೂ ಎರಡೂ ಇದ್ದವು. ಬೀಗರು ಬರುವ ದಿನಕ್ಕೂ ಎರಡೂ ಇದ್ದವು.

ಬೀಗರೆಂದರೆ ಅತ್ತಿಯ ಮಾವ ಮತ್ತು ಅವಳ ಗಂಡ. ಮಾವ ತಕ್ಕೆದಿಂಬಿಗೆ ಒರಗಿ ಕೂತರು. ಗಂಡ ಚಾಪೆಯ ಅಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಚುರುಮುರಿ ಸೂಸಲಾ ಕೊಟ್ಟರು, ಚಹಾ ಕೊಟ್ಟರು. ಅಪ್ಪನಿಗೆ ತಡೆಯಲಾಗಲಿಲ್ಲ.

"ನೋಡ್ರಿ ಬೀಗರ. ಆ ಕೆಂಪಂದೈತಲ್ಲ, ಅದರ ಕೂಡನೂ ಈ ಬಡಪಾಯಿ ಬಾಳೇವು ಮಾಡಾಕತ್ತೈತಿ."

ಮಾವ ನಕ್ಕರು. "ಹೊಂದಕೊಂಡ್ರ ಎಲ್ಲಾ ಆಗತೈತ್ರಿ."

"ಅಣ್ಣಾ," ಒಳಬಾಗಿಲಿನಿಂದ ಅತ್ತಿಯ ದನಿ, "ಅದು ಹೆಂಗ ಆತು ಅನ್ನೂದನ್ನೂ ಹೇಳು."

ಅಪ್ಪ ಚುರುಮುರಿಯ ತಾಟನ್ನು ಬೀಗರ ಕಡೆ ಸರಿಸಿದ.

"ನೀ ಹೇಳದಿದ್ರ ನಾ ಹೇಳತೇನಿ. ಅದು ಹೊಂದಕೊಂಡಿಲ್ಲರೀ ಮಾವಾ. ತೊಟ್ಟಿ ಖಾಲಿ ಮಾಡಿ, ಕಲ್ಲೆಲ್ಲಾ ಬ್ಯಾರೆ ಕಡೆ ಇಟ್ಟು, ಎರಡನ್ನೂ ಕೂಡೇ ಬಿಟ್ಟೀವಿ. ಇದು ನಂದು ಅನ್ನಾಕ ಯಾವುದಕ್ಕೂ ಏನೂ ಉಳಿದಿಲ್ಲ. ಮಾತ ಕೊಟ್ಟೇನಿ, ಬರತೇನಿ. ಆ ಮನೀಗ ಅಲ್ಲ. ಇಬ್ಬರೂ ಕೂಡೇ ಹೊಕ್ಕ ಮನೀಗ."

ಈ ಕ್ಷಣದಲ್ಲಿ ಕರೆಂಟ್ ಹೋಯಿತು, ಮಗ್ಗಗಳೆಲ್ಲ ನಿಂತವು ಎಂದು ಬರೆಯಲು ಕೈ ತುರಿಸುತ್ತದೆ. ಹೋಗಿರಲಿಕ್ಕಿಲ್ಲ. ಮಗ್ಗಗಳು ಹೊಡೆಯುತ್ತಲೇ ಇದ್ದವು, ಮಾವನಿಗೆ ಅರ್ಧ ಕೇಳಿಸಿರಲೂ ಇಲ್ಲವೇನೋ. ಅವರ ಮುಖ ಮಾತ್ರ ಬಿಗಿದುಕೊಂಡಿತು. "ಹೆಂಗಸರು ಮನಿ ಒಡ್ಯಾಕ ಮೀನಿನ ಕಡೆ ಸಾಲಿ ಕಲೀತಾರೇನ್ರೀ ಇಲ್ಲೆ?"

"ಆ ಜಿಲೇಬಿ ಹಾಕಿದ್ದು ನಾನ್ರೀ," ಎಂದಳು ಆಯಿ, ಇದೆಲ್ಲ ತನ್ನ ಕೆಲಸವೆಂಬಂತೆ. ಯಾರೂ ಬಿಡಿಸಿ ಹೇಳಲಿಲ್ಲ.

ಆಮೇಲೆ ಗಂಡ, ಅವತ್ತು ಬಾಯಿ ತೆರೆದದ್ದು ಅದೊಂದೇ ಸಲ, ತಲೆಯೆತ್ತದೆ ಕೇಳಿದ:

"ಮುಧೋಳದಾಗ ಒಂದ ಮನಿ ನೋಡ್ಲೇನು?"

ಬಾಗಿಲ ಹಿಂದಿನಿಂದ ಉತ್ತರ ಬರಲಿಲ್ಲ. ಆ ಸುಮ್ಮನಿರುವಿಕೆಯನ್ನೇ ಗಂಡಸರೆಲ್ಲ ಹೂಂ ಎಂದು ಓದಿಕೊಂಡರು. ಮಾವ ಚಪ್ಪಲಿ ಮೆಟ್ಟುವಾಗ ಯಾರಿಗೂ ಬರತೇವಿ ಅನ್ನಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಅತ್ತಿ ಮುಧೋಳದ ಬಾಡಿಗೆ ಮನೆಗೆ ಹೋದಳು. ನಾನು ಅವಳ ಸೆರಗು ಹಿಡಿದು ಅತ್ತೆನಂತೆ. ನನಗೆ ನೆನಪಿರುವುದು ಬಸ್ಸಿನ ಕಿಟಕಿಯ ಕಬ್ಬಿಣದ ತುಕ್ಕು ವಾಸನೆ ಮಾತ್ರ.

ಇದೆಲ್ಲ ಬಹಳ ಚೆನ್ನಾಗಿ ಕೂಡುತ್ತದೆ. ಅದಕ್ಕೇ ನನಗೆ ಅನುಮಾನ. ಬಡಿದಾಡುವ ಮೀನುಗಳನ್ನು ಜೊತೆಗೆ ಇಡುವವರು ಕಲ್ಲುಗಳ ಜಾಗ ಬದಲಿಸಿ, ಎರಡನ್ನೂ ಒಟ್ಟಿಗೆ ಬಿಡುತ್ತಾರೆಂದು ದೊಡ್ಡವಳಾದ ಮೇಲೆ ನಾನೇ ಎಲ್ಲೋ ಓದಿದ್ದೇನೆ. ಓದಿದ್ದನ್ನು ತೆಗೆದು ಅತ್ತಿಯ ಬಾಯಿಗೆ ಹಾಕಿರಬಹುದು. ಅವಳು ಅವತ್ತು "ಆ ಮನೀಗ ನಾ ಬರಾಂಗಿಲ್ಲ" ಎಂದಷ್ಟೇ ಅಂದಿರಬಹುದು. ಅಪ್ಪನ ಪ್ರಕಾರ ಅವಳು ಏನೂ ಅನ್ನಲಿಲ್ಲ, ಅಪ್ಪನೇ ಬೇರೆ ಮನೆಯ ಮಾತು ತೆಗೆದದ್ದು. ಬೀರಪ್ಪನಿಗೆ ಕೈ ಹರಿದದ್ದು ನೆನಪಿದೆ, ಬೇರೇನೂ ಇಲ್ಲ.

ಈಗ ಆ ಪಡಸಾಲೆಯಲ್ಲಿ ಮೊಬೈಲ್ ಅಂಗಡಿ ಇದೆ. ಶೆಡ್ಡು ಖಾಲಿಯಾಗಿ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ಆಯಿ ಇಲ್ಲ. ಮನೆಯಲ್ಲಿ ಈಗ ಮೆಲ್ಲಗೆ ಮಾತಾಡಿದರೂ ಕೇಳುತ್ತದೆ, ಹಾಗಾಗಿ ಕೆಲವು ಮಾತುಗಳನ್ನು ಯಾರೂ ಆಡುವುದಿಲ್ಲ. ಗದ್ದಲದ ಮರೆಯಲ್ಲಿ ಕೂಗಿ ಹೇಳಬಹುದಾಗಿದ್ದ ಮಾತುಗಳು ಮಗ್ಗಗಳ ಜೊತೆಗೇ ಹೋದವು ಎಂದು ನನಗೆ ಅನ್ನಿಸುತ್ತದೆ.

ಕಸ್ತೂರತ್ತಿ ಮುಧೋಳದಲ್ಲೇ ಇದ್ದಾಳೆ. ಫೋನು ಮಾಡಿದರೆ ಮೊಣಕಾಲು ನೋವು, ನಳದ ನೀರು, ಮಗನ ಪರೀಕ್ಷೆ ಎಲ್ಲ ಹೇಳುತ್ತಾಳೆ. ಅವಳು ಹೋಗಬೇಕೆಂದು ಹೋದಳೋ, ಮಾತು ಕೊಟ್ಟಿದ್ದಕ್ಕೆ ಹೋದಳೋ, ನನಗೆ ಗೊತ್ತಿಲ್ಲ. ಒಮ್ಮೆ ಕೇಳಿದೆ. "ಪಲ್ಯ ಸೀಯಾಕತ್ತೈತಿ, ಆಮ್ಯಾಲ ಮಾತಾಡೂಣು ಇಡವಾ," ಎಂದಳು. ಪಲ್ಯ ಖರೆಯೇ ಸೀಯುತ್ತಿತ್ತೋ ಏನೋ, ಅದೂ ಗೊತ್ತಿಲ್ಲ.